ಹಗಲು ಬೆಳಗಿದ ಡೈನಮೋ

ಬಾಗಲವಾಡ
೧೨–೮–೧೯೭೮

ಅಪ್ಪನಿಗೆ ಜಂಬಮ್ಮ ಮಾಡುವ ನಮಸ್ಕಾರಗಳು.

“ಹಗಲಷ್ಟೇ ಡ್ಯೂಟಿ ಮಾಡೋ ನರ್ಸಿಗೆ ಅಷ್ಟು ತುಟ್ಟಿ ಡೈನಮೋ ಯಾಕ ಬೇ? ಸೈಕಲ್ ಅಂಗಡಿಗೆ ವಾಪಸ್ ಕೊಡು” ಎಂದು ಬರೆಸಿದ್ದಿರಿ. ಕೊಡುವುದಿಲ್ಲ.

ಸೋಮವಾರ ಮಟಮಟ ಮಧ್ಯಾಹ್ನ ಇಲ್ಲಿಯ ಬಂಡೆಮ್ಮನ ಹಿರಿಸೊಸೆಗೆ ಹೆರಿಗೆಯಾಯಿತು. ಅವರ ಮಣ್ಣಿನ ಮನೆಯ ಒಳಕೋಣೆಗೆ ಕಿಟಕಿಯೇ ಇಲ್ಲ. ಚಿಮಣಿ ದೀಪ ಸಾಲಲಿಲ್ಲ. ಸೈಕಲ್ಲನ್ನೇ ಒಳಗೆ ತಂದು ಸ್ಟ್ಯಾಂಡ್ ಹಾಕಿ, ಗಾಲಿ ತಿರುಗಿದರೆ ದೀಪ ಹತ್ತುವಂತೆ ಡೈನಮೋವನ್ನು ಹಿಂಗಾಲಿಗೆ ತಾಗಿಸಿದೆ. ಗಂಡಸರು ಬರುವಂತಿರಲಿಲ್ಲ, ಬಂಡೆಮ್ಮನೇ ಕೂತು ಕೈಯಿಂದ ಪೆಡಲ್ ತಿರುವಿದಳು. “ನಿಲ್ಲಿಸಬ್ಯಾಡ್ರಿ ಯವ್ವಾ” ಎನ್ನುತ್ತಲೇ ಇದ್ದೆ. ಕೂಸಿನ ಕೊರಳಿಗೆ ಕರುಳಬಳ್ಳಿ ಸುತ್ತಿದ್ದು ಆ ಬೆಳಕಿನಲ್ಲೇ ಕಂಡಿತು, ಬಿಡಿಸಿದೆ. ಕೂಸು ಅತ್ತಿದ್ದೇ ತಡ, ಬಂಡೆಮ್ಮ ಖುಷಿಗೆ ಎಷ್ಟು ಜೋರಾಗಿ ತಿರುವಿದಳೆಂದರೆ ಬಲ್ಬೇ ಸುಟ್ಟುಹೋಯಿತು.

ಬರುವಾಗ ದೇವದುರ್ಗದಿಂದ ಎರಡು ಬಲ್ಬ್ ತನ್ನಿ. ಅವಳ ಕಿರಿಸೊಸೆಗೂ ದಿನ ತುಂಬಿದೆ.

ನಿಮ್ಮ ಮಗಳು,
ಜಂಬಮ್ಮ