ಕೆಂಪು ನೂಲಿನ ಚಪ್ಪಲಿ

ಅವಾಲಿ, ಬಹರೈನ್
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ವಿಲ್ಮಾ,

ಇಷ್ಟು ವರ್ಷಗಳಲ್ಲಿ ನಾನು ನಿನಗೆ ಕಳಿಸಿದ್ದೆಂದರೆ ಫೋನಿನಲ್ಲಿ ಎತ್ತಿದ ಹೆಬ್ಬೆರಳು ಮತ್ತು ಕ್ರಿಸ್ಮಸ್ಸಿಗೊಂದು ಕೇಕಿನ ಚಿತ್ರ, ಅಷ್ಟೆ. ಈಗ ಇದ್ದಕ್ಕಿದ್ದ ಹಾಗೆ ಕೈಯಲ್ಲಿ ಬರೆದ ಇಷ್ಟು ಹಾಳೆ ಕಂಡು ಹೆದರಬೇಡ ಮಾರಾಯ್ತಿ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಪಂಕಜಾಕ್ಷಿ ಚೆನ್ನಾಗಿದ್ದಾಳೆ, ಮಗಳು ಅನಿಷಾ ನನ್ನ ಭುಜದವರೆಗೆ ಬೆಳೆದಿದ್ದಾಳೆ, ನನಗೆ ಹೊಟ್ಟೆ ಬಂದಿದೆ. ನಿಮ್ಮಪ್ಪ, ನಮ್ಮ ಕೋಚ್ ಹರ್ಬರ್ಟ್ ಸರ್, ನೋಡಿದರೆ ಮೈದಾನಕ್ಕೆ ಹತ್ತು ಸುತ್ತು ಓಡಿಸದೆ ಬಿಡುವುದಿಲ್ಲ.

ಸರ್ ಬಗ್ಗೆ ಇಲ್ಲಿರುವ ನಮ್ಮ ಹಳೆಯ ಕಾಲೇಜಿನವರು ಬರೆದುಕೊಟ್ಟ ನೆನಪುಗಳು ಈ ಕಟ್ಟಿನಲ್ಲಿವೆ. ಒಟ್ಟು ಮೂವತ್ತೆರಡು ಜನ ಬರೆದಿದ್ದಾರೆ. ಸರ್‌ ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಇವನ್ನು ಒಂದೊಂದಾಗಿ ಓದಿ ಹೇಳುತ್ತೇನೆ ಎಂದಿದ್ದೆಯಲ್ಲ, ನಿಧಾನಕ್ಕೆ ಓದು, ಕೆಲವರ ಅಕ್ಷರ ಕೋಳಿ ಕೆದಕಿದ ಹಾಗಿದೆ. ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಕವರಿಗೆ ಅಂಟು ಹಾಕಿಲ್ಲ ಎಂದು ಬೇಸರ ಮಾಡಬೇಡ. ಇಲ್ಲಿ ಅದೇ ಕ್ರಮ. ಇನ್ನೊಬ್ಬರ ಪೆಟ್ಟಿಗೆಯಲ್ಲಿ ಏನು ಕಳಿಸಿದರೂ ಬಾಯಿ ತೆರೆದೇ ಕೊಡಬೇಕು, ತಾನು ಹೊರುತ್ತಿರುವುದು ಏನು ಎಂದು ಹೊರುವವನಿಗೆ ಗೊತ್ತಿರಬೇಕು. ಹಲ್ವಾ ಆದರೂ ಅಷ್ಟೆ, ಕಾಗದವಾದರೂ ಅಷ್ಟೆ.

ಆ ಮೂವತ್ತೆರಡರಲ್ಲಿ ನನ್ನದು ಸೇರಿಲ್ಲ. ನನ್ನದು ಇದು.

ಕಳೆದ ತಿಂಗಳು ನೀನು ಒಂದು ಮಾತು ಕೇಳಿದ್ದೆ. ನಮ್ಮ ಕಾಲೇಜಿನ ಡಿಲನ್ ಫೋನಿನಲ್ಲಿ ಮೊದಲೇ ಕಳಿಸಿದ ನೆನಪನ್ನು ನಾನು ಓದಿ ಹೇಳಿದಾಗ ಡ್ಯಾಡಿ ಗೋಡೆ ಕಡೆ ತಿರುಗಿ ಮಲಗಿದರು, ಆ ದಿನ ಊಟವನ್ನೂ ಮಾಡಲಿಲ್ಲ, ಎಲ್ಲರೂ ಹೊಗಳಿ ಬರೆಯುವುದು ಆ ಫೈನಲ್ ಕಥೆಯನ್ನೇ, ಅದು ಬಂದಾಗಲೇ ಹೀಗೆ ಯಾಕೆ ಮಾಡುತ್ತಾರೆ, ನಿನಗೇನಾದರೂ ಗೊತ್ತುಂಟಾ ಎಂದು. ನಾನು ಏನು ಉತ್ತರ ಕೊಟ್ಟೆ? ವಯಸ್ಸಾಯಿತಲ್ಲ, ಪಾರ್ಶ್ವವಾಯು ಆದವರಿಗೆ ಮನಸ್ಸು ಬೇಗ ಕಲಕುತ್ತದೆ ಎಂದೆ. ಡಾಕ್ಟರಂತೆ ಮಾತಾಡಿದೆ. ನನಗೆ ಗೊತ್ತಿತ್ತು ವಿಲ್ಮಾ. ಗೊತ್ತಿದ್ದೂ ಹಾಗೆ ಬರೆದೆ.

ಇನ್ನು ಕ್ರಮವಾಗಿ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಇಲ್ಲದಿದ್ದರೆ ನಾನು ಮಧ್ಯದಲ್ಲಿ ಎಲ್ಲಾದರೂ ನುಸುಳಿ ಹೋಗುವ ಜನ.

ಹೋದ ಶುಕ್ರವಾರ ಸೆಗಯಾದ ಒಂದು ಹೋಟೆಲಿನ ಮಹಡಿಯಲ್ಲಿ ಎಲ್ಲ ಸೇರಿದ್ದೆವು. ಆಡಿದವರು ಹನ್ನೊಂದು ಜನ, ಉಳಿದವರೆಲ್ಲ ಗ್ಯಾಲರಿಯವರು, ಕಾಲೇಜಿನ ಕಂಪೌಂಡ್ ಹತ್ತಿ ಕುಳಿತು ಬೊಬ್ಬೆ ಹೊಡೆದವರು. ಅಬ್ಬಾ, ಏನೆಲ್ಲ ಹೇಳಿದರು! ಗೋಲ್‌ಕೀಪರಿಗೆ ಚೆಂಡಿನ ಬದಲು ಸುಲಿಯದ ತೆಂಗಿನಕಾಯಿ ಎಸೆದು ಕಲಿಸಿದ್ದು, ಪ್ರಾಕ್ಟೀಸ್ ಮುಗಿದ ಮೇಲೆ ನಿನ್ನಮ್ಮನ ಹೆಸರುಗಂಜಿ, ಸಿಟ್ಟು ಬಂದರೆ ಕನ್ನಡ, ಖುಷಿಯಾದರೆ ಮಾತ್ರ ಕೊಂಕಣಿಯಲ್ಲಿ ಬೈಗುಳ. ಸಿಡ್ನಿ ಎರಡು ಬೆರಳು ಬಾಯಿಗಿಟ್ಟು ಸರ್‌ ಹಾಗೆಯೇ ಸಿಳ್ಳೆ ಹಾಕಿದ. ಐವತ್ತು ದಾಟಿದ ಇಬ್ಬರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು!

ಆಮೇಲೆ ಚಪ್ಪಲಿಯ ಮಾತು ಬಂತು. ಬರದೆ ಇರುತ್ತದೆಯೇ? ಸರ್ ಹಾಜರಿ ಪುಸ್ತಕ ಇಟ್ಟವರಲ್ಲ. ಬೆಳಿಗ್ಗೆ ಬಂದವರು ಬಂದ ಹಾಗೆ ಕಂಪೌಂಡಿನ ಬುಡದಲ್ಲಿ ಚಪ್ಪಲಿ ಸಾಲಾಗಿ ಬಿಟ್ಟು, ಬರಿಗಾಲಲ್ಲಿ ಕಡಲ ದಂಡೆಗೆ ಓಡಬೇಕು. ಸರಿಯಾಗಿ ಐದೂ ಮುಕ್ಕಾಲಿಗೆ ಸರ್ ಸೈಕಲಿನಲ್ಲಿ ಬಂದು ಚಪ್ಪಲಿ ಎಣಿಸುತ್ತಿದ್ದರು. ಯಾವುದು ಯಾರದು ಎಂದು ಅವರಿಗೆ ಬಾಯಿಪಾಠ. ಆಗ ಸಾಲಿನಲ್ಲಿ ಚಪ್ಪಲಿ ಇಲ್ಲದಿದ್ದರೆ ಆ ವಾರ ತಂಡದಲ್ಲಿ ಅವನಿಲ್ಲ. ಜ್ವರವೋ ಬಸ್ಸು ತಪ್ಪಿತೋ, ಒಂದೂ ಕೇಳುತ್ತಿರಲಿಲ್ಲ.

ತೊಂಬತ್ತೊಂಬತ್ತರ ಅಂತರ ಕಾಲೇಜು ಫುಟ್‌ಬಾಲ್ ಫೈನಲಿನ ಹಿಂದಿನ ದಿನ ಸಾಲಿನಲ್ಲಿ ಇಲ್ಲದ್ದು ಇದಿನಬ್ಬನ ಚಪ್ಪಲಿ. ನಮ್ಮ ಒಂಬತ್ತನೇ ನಂಬರು, ಅವನಂಥ ಫಾರ್ವರ್ಡ್ ಆ ಮೈದಾನಕ್ಕೆ ಮತ್ತೆ ಬಂದಿಲ್ಲ. ಅವನನ್ನು ನೋಡಲೆಂದೇ ರಾಜ್ಯ ತಂಡದ ಆಯ್ಕೆಗಾರರು ಮಾರನೇ ದಿನ ಬರುವವರಿದ್ದರು. ಸರ್ ಅವನನ್ನು ಹೊರಗೆ ಕೂರಿಸಿ ಬದಲಿಗೆ ನನ್ನನ್ನು ಇಳಿಸಿದರು. ನಾನು ಗೋಲು ಹೊಡೆದೆ, ನಾವು ಗೆದ್ದೆವು. ಡಿಲನ್ ಇದನ್ನು ಹೇಳಿ ಮುಗಿಸುವಾಗ ಅವನ ಕಣ್ಣಲ್ಲಿ ನೀರು. "ಎಂತ ಮನುಷ್ಯ ಮಾರಾಯ್ರೆ! ಕಪ್ ಹೋದ್ರೂ ಅಡ್ಡಿಲ್ಲ, ಶಿಸ್ತು ಬಿಡ್ಲಿಕ್ಕಿಲ್ಲ ಅಂತ ಕೂತವ್ರು. ಈಗಿನವ್ರಿಗೆ ಉಂಟಾ ಆ ಧೈರ್ಯ?" ಎಂದ. ಚಪ್ಪಾಳೆಯೋ ಚಪ್ಪಾಳೆ. ನನ್ನನ್ನು ಎಬ್ಬಿಸಿ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ, ಕೈ ಮುಗಿದೆ, ಫೋಟೋಕ್ಕೆ ನಕ್ಕೆ.

ಆ ಚಪ್ಪಲಿ ನನ್ನ ಚೀಲದಲ್ಲಿತ್ತು.

ಬರೆದೆ ನೋಡು. ಇದೊಂದು ಸಾಲು ಬರೆಯಲು ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಬೇಕಾಯಿತು. ಏನು ಅಷ್ಟು ಬರೆಯುತ್ತಿದ್ದೀರಿ ಎಂದು ಪಂಕಜಾಕ್ಷಿ ಎರಡು ಸಲ ಬಂದು ಕೇಳಿದಳು. ಆಫೀಸಿನದು ಎಂದೆ. ಇಪ್ಪತ್ತು ವರ್ಷ ಜೊತೆಗಿದ್ದವಳಿಗೂ ನಾನು ಇದನ್ನು ಹೇಳಿಲ್ಲ.

ಆ ಬೆಳಿಗ್ಗೆ ನಾನು ಬಂದಾಗ ಸಾಲಿನಲ್ಲಿ ಇದ್ದದ್ದು ಒಂದೇ ಜೊತೆ. ನೀಲಿ ಪಟ್ಟಿಯ ಹೊಸ ಚಪ್ಪಲಿ. ಬೇರೆಯವರದರ ಜೊತೆ ಅದಲು ಬದಲಾಗದಿರಲಿ ಎಂದು ಅವನ ಉಮ್ಮ ನಫೀಸಮ್ಮ ಪಟ್ಟಿಗೆ ಕೆಂಪು ನೂಲಿನಲ್ಲಿ ಎರಡು ಹೊಲಿಗೆ ಹಾಕಿದ್ದರು. ಇದಿನಬ್ಬ ಯಾವಾಗಲೂ ಎಲ್ಲರಿಗಿಂತ ಮೊದಲು ಬಂದು ನದಿ ಕಡಲು ಸೇರುವ ಅಳಿವೆಯವರೆಗೆ ಒಬ್ಬನೇ ಓಡುವವನು. ನಾವೆಲ್ಲ ಅರ್ಧ ದಾರಿಗೇ ತಿರುಗುವವರು. ಹಾಗಾಗಿ ಅವನು ಬಂದದ್ದನ್ನು ನಾನಲ್ಲದೆ ಯಾರೂ ಕಂಡಿರಲಿಲ್ಲ. ಬಗ್ಗಿದೆ, ಎತ್ತಿಕೊಂಡೆ, ಚೀಲಕ್ಕೆ ಹಾಕಿದೆ. ಇದು ಕುಶಾಲಿಗೆ ಮಾಡಿದ್ದು, ಆಮೇಲೆ ಕೈ ಮೀರಿತು ಎಂದು ಇಪ್ಪತ್ತಾರು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಮೂರು ವರ್ಷ ಬೆಂಚಿನ ಮೇಲೆ ಕುಳಿತಿದ್ದೆ. ನನಗೆ ಆಡಬೇಕಿತ್ತು, ಅಷ್ಟೆ.

ಅವನು ಅಳಿವೆಯಿಂದ ಮರಳುವಷ್ಟರಲ್ಲಿ ಸರ್ ಎಣಿಸಿ ಆಗಿತ್ತು. ನಾನು ಐದೂವರೆಗೇ ಬಂದಿದ್ದೇನೆ ಸರ್, ಚಪ್ಪಲಿ ಯಾರೋ ತೆಗೆದಿದ್ದಾರೆ ಎಂದು ಅವನು ಅಂಗಲಾಚಿದ. ಸರ್ ತುಸು ಹೊತ್ತು ಅವನ ಕಾಲನ್ನೇ ನೋಡಿದರು. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇವನ ಚಪ್ಪಲಿ ಯಾರಾದ್ರೂ ನೋಡಿದ್ದೀರಾ?" ಎಂದು ಕೇಳಿದರು. ಜೋರಾಗಿ ಅಲ್ಲ. ಒಂದೇ ಸಲ. ಚೀಲ ನನ್ನ ಕಾಲ ಬುಡದಲ್ಲಿತ್ತು ವಿಲ್ಮಾ. ಆಗ ಬಾಯಿ ಬಿಟ್ಟಿದ್ದರೆ ಹೆಚ್ಚೆಂದರೆ ಎರಡು ಏಟು ಬೀಳುತ್ತಿತ್ತು. ನಾನು ಉಳಿದವರ ಹಾಗೆಯೇ ತಲೆ ಅಲ್ಲಾಡಿಸಿದೆ. ಇದಿನಬ್ಬ ಮನೆಗೆ ಬರಿಗಾಲಲ್ಲಿ ಹೋದ. ನಾನು ಬಸ್ಸು ಸೇತುವೆ ದಾಟುವಾಗ ಆ ಜೊತೆಯನ್ನು ಕಿಟಕಿಯಿಂದ ನೇತ್ರಾವತಿಗೆ ಎಸೆದೆ.

ಆ ಗೋಲಿನಿಂದ ನನಗೆ ಆಟಗಾರರ ಕೋಟಾದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು, ಬ್ಯಾಂಕಿನ ಅನುಭವದಿಂದ ಇಲ್ಲಿನ ಕಂಪನಿಯ ಕೆಲಸ, ಈ ಅವಾಲಿಯ ಮನೆ, ಮನೆ ಮುಂದಿನ ಕಾರು. ಇದಿನಬ್ಬ ಮತ್ತೆ ಚೆಂಡು ಮುಟ್ಟಲಿಲ್ಲ. ಸರ್ ಎರಡು ಸಲ ಅವನ ಮನೆಗೆ ಹೋಗಿ ಕರೆದರು. ಅವನು ಹಿಂದಿನ ಬಾಗಿಲಿನಿಂದ ಹೊರಟು ಹೋದನಂತೆ. ಮರುವರ್ಷದಿಂದ ಸರ್ ಚಪ್ಪಲಿ ಎಣಿಸುವುದನ್ನು ಬಿಟ್ಟು ಎಲ್ಲರ ಹಾಗೆ ಪುಸ್ತಕದಲ್ಲಿ ಹಾಜರಿ ಹಾಕತೊಡಗಿದರು. ಇಷ್ಟು ಜನ ಅಭಿಮಾನಿಗಳಲ್ಲಿ ಅದು ಯಾಕೆ ಎಂದು ಕೇಳಿದವರು ಒಬ್ಬರಿಲ್ಲ. ನನಗೆ ಕೇಳುವ ಅಗತ್ಯ ಇರಲಿಲ್ಲ. ತಾನು ಎಲ್ಲೋ ತಪ್ಪಿದೆ ಎಂದು ಅವರಿಗೆ ಅನ್ನಿಸಿತ್ತು. ಯಾರನ್ನು ನಂಬಿ ತಪ್ಪಿದೆ ಎಂದು ಮಾತ್ರ ತಿಳಿಯಲಿಲ್ಲ.

ಇದಿನಬ್ಬ ಬಹರೈನಿಗೆ ಬಂದು ಎಂಟು ವರ್ಷವಾಯಿತು ಎಂದು ನಿನಗೆ ಹೇಳಿಯೇ ಇಲ್ಲ ಅಲ್ಲವೇ? ನೀನು ಎರಡು ಸಲ ಕೇಳಿದ್ದೆ, ಅವನು ಎಲ್ಲಿದ್ದಾನೆ ಗೊತ್ತಾ, ಡ್ಯಾಡಿ ವಿಚಾರಿಸುತ್ತಾರೆ ಎಂದು. ಗೊತ್ತಿಲ್ಲ ಎಂದೆ. ಅವನಿರುವುದು ಸೆಗಯಾದಲ್ಲಿ, ನಾಲ್ವರ ಜೊತೆ ಒಂದು ಕೋಣೆಯಲ್ಲಿ. ಈಸಾ ಟೌನಿನ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾನೆ. ನನ್ನ ಮಗಳು ದಿನಾ ಹತ್ತುವುದು ಅವನ ಬಸ್ಸನ್ನೇ. ಒಂದು ಸಂಜೆ ಅವಳು ಬ್ಯಾಗು ಎಸೆದು ಓಡಿ ಬಂದು ಅರ್ಧ ಇಂಗ್ಲಿಷಿನಲ್ಲಿ, ಡ್ಯಾಡ್, ನೀನು ಹೀರೋ ಅಂತೆ, ಇದಿನಬ್ಬ ಅಂಕಲ್ ಇಡೀ ಬಸ್ಸಿಗೆ ನಿನ್ನ ಗೋಲಿನ ಕಥೆ ಹೇಳಿದರು ಎಂದಳು. ಎಡಗಾಲಲ್ಲಿ ಹೊಡೆದದ್ದು ಎನ್ನುವುದೂ ಅವನಿಗೆ ನೆನಪಿದೆ. ಅವಳ ಮುಖ ನೋಡಲಾಗದೆ ನಾನು ಕಾರು ತೊಳೆಯಲು ಹೊರಗೆ ಹೋದೆ.

ಮೊನ್ನೆಯ ಸಭೆಗೂ ಅವನು ಬಂದಿದ್ದ, ಹಿಂದಿನ ಸಾಲಿನಲ್ಲಿ ಕುಳಿತಿದ್ದ. ನನಗೆ ಶಾಲು ಹಾಕುವಾಗ ಚಪ್ಪಾಳೆ ತಟ್ಟಿದ. ಆಮೇಲೆ ಯಾರೋ, ಪಾಪ ಇದಿನಬ್ಬನಿಗೆ ಅನ್ಯಾಯ ಆಯಿತೇನೋ ಎಂದು ಗೊಣಗಿದ್ದಕ್ಕೆ ಅವನೇ ಎದ್ದು ನಿಂತ. "ಅವತ್ತು ತಡ ಮಾಡಿದ್ದು ನಾನೇ. ಸರ್ ಮಾಡಿದ್ದು ಸರಿಯೇ. ಅದಕ್ಕೆ ಯಾರೂ ಬೇರೆ ಮಾತಾಡ್ಬೇಡಿ" ಎಂದು ಹೇಳಿ ಕುಳಿತ. ಅದು ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ.

ಮೆಟ್ಟಿಲಿನ ಹತ್ತಿರ ಅವನನ್ನು ನಿಲ್ಲಿಸಿ ಕೇಳಿದೆ, ನೀನು ತಡ ಮಾಡಿರಲಿಲ್ಲವಲ್ಲ, ಯಾಕೆ ಹಾಗೆ ಹೇಳಿದೆ ಎಂದು. ಅವನು ನನ್ನ ಮುಖ ನೋಡಿ, "ನಿಂಗೆ ಹೇಗೆ ಗೊತ್ತು ಜಯಾ?" ಎಂದ. ನೀನೇ ಆಗ ಹೇಳಿದ್ದೆಯಲ್ಲ ಮಾರಾಯ ಎಂದು ಸಾವರಿಸಿದೆ. ಅವನು ಒಂದು ಮೆಟ್ಟಿಲು ಇಳಿದು ನಿಂತ. "ಸರ್‌ಗೆ ಎಂಬತ್ತು ಆಯ್ತು. ಹುಟ್ಟುಹಬ್ಬಕ್ಕೆ ಹೋಗಿ ಅವರ ಕೈಗೆ ಒಂದು ತಪ್ಪು ಕೊಡುದಾ? ಆ ತಪ್ಪು ನನ್ನ ಹತ್ರವೇ ಇರ್ಲಿ" ಎಂದು ಹೇಳಿ ಇಳಿದು ಹೋದ.

ನೋಡು, ಎಂಥವನು ಅವನು! ಮತ್ತೆ ನಾನು ಎಂಥವನು. ಅಲ್ಲೇ, ಆ ಮೆಟ್ಟಿಲಿನ ಮೇಲೆಯೇ ಹೇಳಬಹುದಿತ್ತು. ಎರಡನೇ ಸಲವೂ ಬಾಯಿ ಕಟ್ಟಿತು.

ಒಂದು ವಾರದಿಂದ ನಾನು ಸರಿಯಾಗಿ ಉಂಡಿಲ್ಲ. ಸರ್ ತಾನು ಮಾಡದ ತಪ್ಪಿಗೆ ಗೋಡೆಗೆ ಮುಖ ಹಾಕಿದ್ದಾರೆ, ಇದಿನಬ್ಬ ತಾನು ಮಾಡದ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡಿದ್ದಾನೆ, ಮಾಡಿದವನು ಶಾಲು ಮಡಚಿ ಕಪಾಟಿನಲ್ಲಿಟ್ಟಿದ್ದಾನೆ. ನನಗೆ ನನ್ನ ಮೇಲೆಯೇ ಹೇಸಿಗೆ ಬಂದಿದೆ. ಆದ್ದರಿಂದ ಒಂದು ಉಪಕಾರ ಮಾಡು. ಆ ಮೂವತ್ತೆರಡನ್ನು ಆಮೇಲೆ ಓದು, ಮೊದಲು ಇದನ್ನು ಸರ್‌ಗೆ ಓದಿ ಹೇಳು. ಅವರ ಮನಸ್ಸಿಗೆ ನೋವಾಗುತ್ತದೆ ಎಂದು ಯಾವ ಸಾಲನ್ನೂ ಬಿಡಬೇಡ, ನನ್ನ ಮೇಲೆ ಕನಿಕರ ಪಟ್ಟಂತೂ ಬಿಡಲೇಬೇಡ. ಇದಿನಬ್ಬ ಐದೂವರೆಗೇ ಬಂದಿದ್ದ, ಸರ್. ಎಲ್ಲರಿಗಿಂತ ಮೊದಲು ಬಂದಿದ್ದ. ನಿಮ್ಮ ಲೆಕ್ಕ ತಪ್ಪಿರಲಿಲ್ಲ, ಸಾಲಿನಲ್ಲಿ ನಿಂತ ಒಬ್ಬ ನಿಮಗೆ ಸುಳ್ಳು ಹೇಳಿದ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಕ್ಷಮೆ ಕೇಳಬೇಕಾದವರ ಸಾಲಿನಲ್ಲಿ ನನಗಿಂತ ಮುಂದೆ ಯಾರೂ ಇಲ್ಲ, ಆದರೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ರಜೆ ಹಾಕಿ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಅವತ್ತು ಇನ್ನೊಬ್ಬನ ಒಂಬತ್ತನೇ ನಂಬರು ತೊಟ್ಟು ಆಡಿದ ನಿನ್ನ ಸಹಪಾಠಿ,
ಜಯರಾಜ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಈ ಕಟ್ಟು ತರುವವನು ಇದಿನಬ್ಬನೇ. ಮಗಳ ನಿಕಾಹ್‌ಗೆ ಊರಿಗೆ ಹೊರಟಿದ್ದಾನೆ, ಸರ್ ಮುಖ ಒಮ್ಮೆ ನೋಡಬೇಕು, ನಾನೇ ಕೊಂಡು ಹೋಗ್ತೇನೆ ಎಂದು ಕೇಳಿ ಪಡೆದ. ಈ ಕವರಿಗೆ ಎರಡು ಸಲ ಅಂಟು ಹಾಕಿ ಎರಡು ಸಲವೂ ಹರಿದು ಬೇರೆ ಕವರು ತೆಗೆದೆ. ಇದು ಮೂರನೆಯದು, ಬಾಯಿ ತೆರೆದೇ ಇದೆ, ಮೇಲೆ ಅವನ ಹೆಸರನ್ನೂ ಬರೆದಿದ್ದೇನೆ. ಅವನು ದಾರಿಯಲ್ಲಿ ಓದಿ ಹರಿದು ಎಸೆದರೆ ಕೇಳುವ ಹಕ್ಕು ನನಗಿಲ್ಲ. ನೀನು ಇದನ್ನು ಓದುತ್ತಿದ್ದೀ ಅಂದರೆ ಅವನು ನಿನ್ನ ಮನೆಗೆ ಬಂದಿದ್ದಾನೆ. ಬಂದವರ ಮುಖಕ್ಕಿಂತ ಮೊದಲು ಡ್ಯಾಡಿ ಅವರ ಚಪ್ಪಲಿ ನೋಡುತ್ತಾರೆ ಎಂದು ಬರೆದಿದ್ದೆಯಲ್ಲ. ಇದಿನಬ್ಬ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರುತ್ತಾನೆ. ಸರ್ ಅವರ ಗಾಲಿಕುರ್ಚಿಯನ್ನು ಅಲ್ಲಿಗೆ ತಂದು ತೋರಿಸು. ಅವರು ನೋಡುವ ತನಕ ಅದನ್ನು ಯಾರೂ ಆಚೆ ಸರಿಸದ ಹಾಗೆ ನೋಡಿಕೋ.