ನಲವತ್ತೊಂದನೆಯ ಸಾಲಿನ ಕಪ್ಪು ಜೋಳ

ಸಾನ್ ಮತೇಯೊ ಯುಕುನೀ, ವಾಹಾಕಾ
ಅಕ್ಟೋಬರ್ 19, ಬುಧವಾರ

ಪ್ರೀತಿಯ ತಂಗಿ ಒತಿಲಿಯಾ,

ನಿನ್ನ ಮೊಣಕಾಲು ಹೇಗಿದೆ? ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತೀಯೋ, ಕಪಾಟಿನಲ್ಲಿಟ್ಟು ನೋಡುತ್ತೀಯೋ? ನುಂಗು. ಪುಯೆಬ್ಲಾದಲ್ಲಿ ನಿನ್ನ ಜೊತೆಗಿರುವ ಮೊಮ್ಮಕ್ಕಳೆಲ್ಲ ಚೆನ್ನಾಗಿರಬೇಕು. ನನಗೆ ಸಕ್ಕರೆ ಕಾಯಿಲೆ ಇದ್ದೇ ಇದೆ. ಈ ವಾರ ನಿದ್ದೆಯೂ ಇಲ್ಲ, ಅದಕ್ಕೆ ಕಾರಣ ಬೇರೆ.

ಬೀಜ ಬ್ಯಾಂಕಿನಿಂದ ಒಬ್ಬಳು ಇಂಜಿನಿಯರಮ್ಮ ಬಂದಿದ್ದಾಳೆ. ಮೂವತ್ತು ವರ್ಷದ ಹಿಂದೆ ನಮ್ಮೂರುಗಳಿಂದ ಒಯ್ದ ಮೆಕ್ಕೆಜೋಳವನ್ನೆಲ್ಲ ತಣ್ಣನೆ ಕೋಣೆಯಿಂದ ತೆಗೆದು, ಊರ ಹೊಲದಲ್ಲಿ ಅರವತ್ತು ಸಾಲು ಬಿತ್ತಿಸಿದಳು. ಯಾವುದು ಯಾವುದಕ್ಕಿಂತ ಬೇರೆ ಎಂದು ನೋಡಬೇಕಂತೆ. ಗಿಡಕ್ಕೆ ಟೇಪು ಹಿಡಿಯುತ್ತಾಳೆ, ತೆನೆಯ ಮೇಲಿನ ಕಾಳಿನ ಸಾಲು ಎಣಿಸುತ್ತಾಳೆ, ಯಾವುದರ ರೊಟ್ಟಿ ಮೆತ್ತಗಿರುತ್ತದೆ ಎಂದು ನಮ್ಮಂಥ ಮುದುಕಿಯರನ್ನು ಕೇಳುತ್ತಾಳೆ. ಅಷ್ಟಾದರೂ ಬುದ್ಧಿ ಇದೆ. ಶನಿವಾರ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಬೀಜ ಹಿಂದಿರುಗಿಸಿ, ಮಿಕ್ಕಿದ್ದನ್ನು ಒಯ್ಯುತ್ತಾಳೆ.

ನಲವತ್ತೊಂದನೆಯ ಸಾಲಿನಲ್ಲಿ ನನ್ನ ಹೆಸರಿನ ಚೀಟಿ ಇದೆ. ಗಿಡ ಗಿಡ್ಡ, ತೆನೆ ಸಪೂರ, ಕಾಳು ಇದ್ದಿಲಿನ ಹಾಗೆ ಕಪ್ಪು. ಪಕ್ಕದ ಮನೆಯ ಪೆತ್ರಾ ಎಲ್ಲರಿಗೂ ಕೇಳುವಂತೆ, "ಕ್ರಿಸಾಂತಕ್ಕ, ಇಂಥದ್ದನ್ನ ಬಚ್ಚಿಟ್ಕೊಂಡು ಇಷ್ಟು ವರ್ಷ ನಮ್ಗೆ ಬಿಳೀ ರೊಟ್ಟಿ ತಿನ್ಸಿದ್ಯಲ್ಲ" ಎಂದಳು. ಎಲ್ಲರೂ ನಕ್ಕರು.

ಅಮ್ಮ ನನಗೆ ಬಿಳಿ ಬೀಜ ಕೊಟ್ಟಳು, ನಿನಗೆ ಕಪ್ಪು. ನೀನು ಹುಕೀಲಾ ಮಾತೆಯ ಯಾತ್ರೆಗೆ ನಡೆದು ಹೋದ ವರ್ಷ ನಿನ್ನ ಮನೆಯ ಬೀಗದ ಕೈ ನನಗೆ ಕೊಟ್ಟಿದ್ದೆ. ಆಗಲೇ ಬೀಜ ಬ್ಯಾಂಕಿನ ಜೀಪಿನವರು ಬಂದು ಇಪ್ಪತ್ತೈದು ತೆನೆ ಕೇಳಿದರು. ಬಿತ್ತನೆಗೆ ಮೊದಲು ಬೀಜದ ತೆನೆ ಹೊಸಿಲು ದಾಟಿದರೆ ಹೊಲದ ಫಲವೂ ಅದರ ಹಿಂದೆ ಹೋಗುತ್ತದೆ ಎಂದು ನಮ್ಮನ್ನು ಬೆಳೆಸಿದ್ದಲ್ಲವೇ? ನನ್ನದು ಕೊಡಲು ಧೈರ್ಯ ಬರಲಿಲ್ಲ. ನಿನ್ನ ಒಲೆಯ ಮೇಲೆ ಹೊಗೆಗೆ ನೇತುಹಾಕಿದ್ದವುಗಳಲ್ಲಿ ದಪ್ಪನೆಯವನ್ನೇ ಬಿಚ್ಚಿಕೊಟ್ಟೆ, ಅವರು ನನ್ನ ಹೆಸರು ಬರೆದುಕೊಂಡರು. ನಿನಗೆ ಇಲಿ ತಿಂದವು ಎಂದೆ. ಉಳಿದ ಪೀಚು ತೆನೆಗಳನ್ನು ನೀನು ಬಿತ್ತಿದೆ. ಮಂಜು ಬಿದ್ದು ಸಸಿಗಳು ಸುಟ್ಟುಹೋದವು, ಮತ್ತೆ ಬಿತ್ತಲು ಕಾಳಿರಲಿಲ್ಲ. ಅಂದಿನಿಂದ ಪ್ರತಿ ಸತ್ತವರ ಹಬ್ಬಕ್ಕೂ ಅಮ್ಮನ ಪಟದ ಮುಂದೆ ನಿಂತು, "ನಿನ್ ಬೀಜ ನನ್ ಕೈಯಲ್ಲೇ ಸತ್ತೋಯ್ತು" ಎನ್ನುತ್ತೀಯ. ನಾನು ಪಕ್ಕದಲ್ಲೇ ಮೇಣದಬತ್ತಿ ಹಚ್ಚುತ್ತಿರುತ್ತೇನೆ.

ಬರೆದಾಯಿತು. ಬೈಯುವುದಿದ್ದರೆ ಬೈ. ಮಕ್ಕಳಿಗೆ ನನ್ನ ಆಶೀರ್ವಾದ, ಗುವಾದಲೂಪೆ ತಾಯಿ ನಿನ್ನ ಕಾಲು ಕಾಯಲಿ.

ನಿನ್ನ ಅಕ್ಕ,
ಕ್ರಿಸಾಂತಾ

ಮತ್ತೆ: ಕಾಗದ ಮಡಿಸಿಟ್ಟ ಮೇಲೂ ಕೂರಲಾಗಲಿಲ್ಲ. ಹೊಲಕ್ಕೆ ಹೋಗಿ ಎಲ್ಲರೆದುರು ಹೇಳಿಬಿಟ್ಟೆ. ಇಂಜಿನಿಯರಮ್ಮ ನನ್ನ ಹೆಸರು ಹೊಡೆದುಹಾಕಿ ನಿನ್ನದು ಬರೆದಳು. ಬೀಜ ನಿನ್ನ ಕೈಗೇ ಕೊಡಬೇಕಂತೆ. ಈ ಕಾಗದ ತರುವ ಎಪಿಫಾನಿಯೊ ಶುಕ್ರವಾರ ವ್ಯಾನು ಊರಿನತ್ತ ತಿರುಗಿಸುತ್ತಾನೆ, ಅದರಲ್ಲೇ ಹತ್ತಿ ಬಾ. ಕ್ರಿಸಾಂತಾ ಕದ್ದದ್ದರಿಂದಲೇ ಬೀಜ ಉಳಿಯಿತು ಎಂದು ಇಲ್ಲಿ ಕೆಲವರು ಈಗಾಗಲೇ ಹೇಳುತ್ತಿದ್ದಾರೆ. ನೀನು ಬಂದಾಗ ನಿನಗೂ ಹೇಳುತ್ತಾರೆ. ನಂಬಬೇಡ. ಕೊಡುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಗೊತ್ತು.