ಡೋಲಿನ ಪೆಟ್ಟಿಗೆ ಒಂದು ನೆಗೆತ

ಮನೆ,
ಭಾನುವಾರ, ಬೆಳಗ್ಗೆ

ಪ್ರೀತಿಯ ದೊಡ್ಡ ಮಗಳೇ,

ಹೇಗಿದ್ದೀಯ? ವಾದ್ಯತಂಡದ ಜೊತೆ ಊರೂರು ಸುತ್ತುವುದರಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಬಿಸ್ಕತ್ತಿನಲ್ಲೇ ಕಾಲ ಹಾಕುತ್ತೀಯೋ? ಕೆಮ್ಮು ಹೋಯಿತೇ? ಅಮ್ಮ ಚೆನ್ನಾಗಿದ್ದಾಳೆ. ನಿನ್ನ ತಂಗಿಯ ಸ್ಪರ್ಧೆಯ ಉಡುಪಿಗೆ ಮಣಿ ಹೊಲಿಯುತ್ತ ಕೂತಿದ್ದಾಳೆ. ಮನೆ ತುಂಬ ಮಣಿ, ಬರಿಗಾಲಲ್ಲಿ ಓಡಾಡಿದರೆ ನನ್ನ ಗತಿ ಗೋವಿಂದ.

ನೀನು ಅವಳ ಸ್ಕೇಟಿಂಗಿಗೆ ಜೋಡಿಸಿಕೊಟ್ಟ ಸಂಗೀತ ನನಗೀಗ ಬಾಯಿಪಾಠ. ಐಸ್ ರಿಂಕಿನಲ್ಲಿ ಅದನ್ನು ಹಾಕುವ ಕೆಲಸ ನನ್ನ ತಲೆಗೇ ಕಟ್ಟಿದ್ದಾರೆ. ಕೊಳಲು ಸ್ವರ ಎಳೆಯುವಾಗ ಒಂಟಿಕಾಲಲ್ಲಿ ಉದ್ದಕ್ಕೂ ಜಾರಬೇಕು, ಪಿಟೀಲು ಅವಸರಪಟ್ಟಾಗ ಸುತ್ತಬೇಕು, ಕೊನೆಗೆ ಎಲ್ಲ ನಿಂತು ಡೋಲು ಒಂದೇ ಒಂದು ಪೆಟ್ಟು ಹೊಡೆದಾಗ ಆ ದೊಡ್ಡ ನೆಗೆತ. ಎರಡು ಬೇರೆ ಬೇರೆ ರಾಗಗಳನ್ನು ಎಲ್ಲಿ ಕತ್ತರಿಸಿ ಎಲ್ಲಿ ಅಂಟಿಸಿದ್ದೀಯೋ, ನನ್ನ ಕಿವಿಗೆ ಸಿಕ್ಕೇ ಇಲ್ಲ. ಹೆಮ್ಮೆಯಾಗುತ್ತದೆ. ಆದರೆ ಆ ನೆಗೆತ ಬೇಕೇ ಬೇಕೇ? ಕೊನೆಯಲ್ಲಿ, ಕಾಲು ಸೋತ ಮೇಲೆ ಹಾರಿದರೆ ಹೆಚ್ಚು ಅಂಕ ಎಂದು ನೀನು ಹೇಳಿದ್ದು ನೆನಪಿದೆ. ನಮ್ಮ ಗಿರಗಿಟ್ಲೆ ದಿನಾ ಅಲ್ಲೇ ಬೀಳುತ್ತಾಳೆ. ಚಿಕ್ಕ ನೆಗೆತ ಸಾಕು ಎಂದ ಕೋಚ್‌ಗೆ, "ಡೋಲು ಅಷ್ಟು ಜೋರಾಗಿ ಹೊಡೆದಾಗ ಚಿಕ್ಕದು ಹಾರಿದ್ರೆ ನಮ್ಮಕ್ಕನಿಗೆ ಅವಮಾನ ಸರ್" ಎಂದಳು. ನಾನು ಬಾಯಿ ತೆರೆದರೆ, "ಅಪ್ಪಾ, ನೀನು ಬಟನ್ ಒತ್ತು ಸಾಕು" ಅನ್ನುತ್ತಾಳೆ. ಒತ್ತುತ್ತೇನೆ. ಡೋಲು ಹತ್ತಿರ ಬಂದಂತೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ನನ್ನ ಕೈಲಿ ಇನ್ನೇನೂ ಆಗುತ್ತಿಲ್ಲ ಮಗಳೇ.

ಅಮ್ಮ ಮುತ್ತು ಕಳಿಸಿದ್ದಾಳೆ. ನನ್ನ ಆಶೀರ್ವಾದ ಹೇಗೂ ಇದ್ದೇ ಇದೆ. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ
ಅಪ್ಪ

ತಾ.ಕ.: ಅವಳು ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಅವಳ ಪಾದದ ಮೂಳೆ ಬಿರುಕು ಬಿಟ್ಟಿದೆ. ಹಾರುವುದಂತೂ ಬೇಡವೇ ಬೇಡ, ಇನ್ನೊಮ್ಮೆ ಕೆಟ್ಟದಾಗಿ ಬಿದ್ದರೆ ಸ್ಕೇಟಿಂಗನ್ನೇ ಮರೆಯಬೇಕಾಗುತ್ತದೆ ಎಂದರು ಡಾಕ್ಟರು. ಅಮ್ಮನಿಗೂ ಕೋಚ್‌ಗೂ ಗೊತ್ತಿಲ್ಲ. ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ವಯಸ್ಸಿಗೆ ಬಂದ ಮಗಳು, ಕಟ್ಟಿಹಾಕಲೇ? ಡಾಕ್ಟರ ಮಾತು ಕೇಳದವಳು ನೀನು ಕಳಿಸಿದ ಸಂಗೀತದ ಮಾತು ಕೇಳುತ್ತಾಳೆ. ಆ ಡೋಲನ್ನು ಕತ್ತರಿಸಿ ಎಸೆದು, ಕೊಳಲಿನಲ್ಲೇ ಮುಗಿಸಿ ಹೊಸದಾಗಿ ಕಳಿಸು. ನಿನಗೇ ಯಾಕೋ ಸರಿಯೆನಿಸಲಿಲ್ಲ ಅನ್ನು. ನಿನ್ನ ಮೇಲೆ ಮುನಿಸಿಕೊಳ್ಳುತ್ತಾಳೆ, ಸಹಿಸಿಕೋ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮನ ಕಿವಿಗೆ ಬೀಳುತ್ತದೆ, ಮೆಸೇಜು ಹಾಕೋಣವೆಂದರೆ ಫೋನು ಸದಾ ನಿನ್ನ ತಂಗಿಯ ಕೈಯಲ್ಲೇ ಇರುತ್ತದೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಇನ್ನೆಷ್ಟು ಸಲ ಬೀಳುತ್ತಾಳೋ. ಬೇಗ ಕಳಿಸು.